ಐಷಾರಾಮಿ ವಿದ್ಯುತ್ ಕಾರು: ಬಣ್ಣಕ್ಕಿಂತ ಮೊದಲು ಚಾರ್ಜಿಂಗ್ ವ್ಯವಸ್ಥೆ

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸತಲ್ಲ. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ ರಸ್ತೆಗಿಳಿದ ರೇವಾ ಕಾರನ್ನು ಕೊಂಡವರಿಗೆ ಆಯ್ಕೆಯ ಗೊಂದಲ ಹೆಚ್ಚಾಗಿ ಇರಲಿಲ್ಲ. ಎರಡು ಬಾಗಿಲಿನ ಆ ಪುಟ್ಟ ವಾಹನವನ್ನು ರಾತ್ರಿ ಮನೆಯ 15 ಆಂಪಿಯರ್ ಸಾಕೆಟ್‌ಗೆ ಜೋಡಿಸಿದರೆ ಮರುದಿನ ಸುಮಾರು 80 ಕಿ.ಮೀ. ಓಡಾಟಕ್ಕೆ ಸಾಕಾಗುತ್ತಿತ್ತು. ಎರಡು ದಶಕಗಳಲ್ಲಿ ಚಿತ್ರ ಪೂರ್ಣವಾಗಿ ಬದಲಾಗಿದೆ. 2020ರ ಅಕ್ಟೋಬರ್‌ನಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆಯ ಇಕ್ಯೂಸಿ ಭಾರತದ ಮಾರುಕಟ್ಟೆಗೆ ಬಂದಿತು. 2022ರ ಸೆಪ್ಟೆಂಬರ್‌ನಲ್ಲಿ ಅದೇ ಸಂಸ್ಥೆ ಪುಣೆಯ ಬಳಿಯ ಚಾಕಣದಲ್ಲಿ ಜೋಡಿಸಿದ ಇಕ್ಯೂಎಸ್ 580 ಮಾದರಿಯನ್ನು 1.55 ಕೋಟಿ ರೂ. ಬೆಲೆಗೆ ಬಿಡುಗಡೆ ಮಾಡಿತು. 2023ರ ಜನವರಿಯಲ್ಲಿ ಬಿಎಂಡಬ್ಲ್ಯು ಐ7, 2025ರ ಜುಲೈನಲ್ಲಿ ಟೆಸ್ಲಾ ಮಾಡೆಲ್ ವೈ ಬಂದವು. ಇಂದು ನಮ್ಮ ರಾಜ್ಯದ ಅನೇಕ ವರ್ತಕರು ಮತ್ತು ಕೈಗಾರಿಕೋದ್ಯಮಿಗಳು ಸಂಸ್ಥೆಯ ಹೆಸರಿನಲ್ಲಾಗಲಿ ಸ್ವಂತ ಹೆಸರಿನಲ್ಲಾಗಲಿ ಇಂತಹ ಕಾರನ್ನು ಕೊಳ್ಳುವ ಆಲೋಚನೆಯಲ್ಲಿದ್ದಾರೆ.

ಮಳಿಗೆಯಲ್ಲಿ ಮಾತುಕತೆ ಸಾಮಾನ್ಯವಾಗಿ ಒಂದು ನಿಶ್ಚಿತ ಕ್ರಮದಲ್ಲಿ ನಡೆಯುತ್ತದೆ. ಮೊದಲು ಬಣ್ಣ, ಬಳಿಕ ಚಕ್ರದ ಗಾತ್ರ, ಆಸನದ ಚರ್ಮ, ಧ್ವನಿ ವ್ಯವಸ್ಥೆ, ಗಾಜಿನ ಚಾವಣಿ ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ "ಚಾರ್ಜರನ್ನು ನಮ್ಮವರೇ ಬಂದು ಅಳವಡಿಸುತ್ತಾರೆ" ಎಂಬ ಒಂದು ಭರವಸೆ. ಕಾರು ಮನೆಗೆ ಬಂದ ನಂತರವೇ ಮಂಜೂರಾದ ಲೋಡ್ ಸಾಲದು, ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಸಿಕ್ಕಿಲ್ಲ, ಅರ್ಥಿಂಗ್ ಸರಿಯಿಲ್ಲ ಎಂಬ ತೊಡಕುಗಳು ಒಂದೊಂದಾಗಿ ಹೊರಬೀಳುತ್ತವೆ. ಈ ಕ್ರಮವನ್ನು ತಿರುವುಮುರುವು ಮಾಡುವುದೇ ಜಾಣತನ. ಕಾರು ಎಲ್ಲಿ, ಎಷ್ಟು ಹೊತ್ತು, ಯಾವ ಸಂಪರ್ಕದಿಂದ ಚಾರ್ಜ್ ಆಗುತ್ತದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಆ ಬಳಿಕ, ಮುಂದೆ ಸೇರಿಸಲಾಗದ ಸೌಲಭ್ಯಗಳಿಗೆ ಮಾತ್ರ ಹೆಚ್ಚಿನ ಹಣ ತೊಡಗಿಸಬೇಕು.

ದಿನದ ಓಡಾಟದ ಲೆಕ್ಕ

ದೊಡ್ಡ ಗಾತ್ರದ ವಿದ್ಯುತ್ ಕಾರು ಒಂದು ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು 5 ಕಿ.ಮೀ. ಕ್ರಮಿಸುತ್ತದೆ ಎಂದು ಲೆಕ್ಕ ಹಿಡಿಯಬಹುದು. ಜಯನಗರದಲ್ಲಿ ಮನೆ, ಪೀಣ್ಯದಲ್ಲಿ ಕಾರ್ಖಾನೆ ಇರುವ ಉದ್ಯಮಿಯೊಬ್ಬರು ದಿನಕ್ಕೆ 60 ಕಿ.ಮೀ. ಓಡಾಡುತ್ತಾರೆ ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ಖರ್ಚಾಗುವುದು 12 ಯೂನಿಟ್. ಚಾರ್ಜಿಂಗ್ ವೇಳೆಯ ನಷ್ಟವನ್ನೂ ಸೇರಿಸಿದರೆ ಮೀಟರಿನಲ್ಲಿ 13ರಿಂದ 14 ಯೂನಿಟ್ ದಾಖಲಾಗುತ್ತದೆ.

ಚಾರ್ಜಿಂಗ್‌ಗೆ ಲಭ್ಯವಿರುವ ಮಾರ್ಗಗಳು ಮುಖ್ಯವಾಗಿ ನಾಲ್ಕು. ಸಾಮಾನ್ಯ 15 ಆಂಪಿಯರ್ ಸಾಕೆಟ್‌ನಿಂದ ಹೆಚ್ಚೆಂದರೆ 3 ಕಿಲೋವ್ಯಾಟ್ ದೊರೆಯುತ್ತದೆ. 32 ಆಂಪಿಯರ್‌ನ ಸಿಂಗಲ್ ಫೇಸ್ ಗೋಡೆ ಚಾರ್ಜರ್ 7.4 ಕಿಲೋವ್ಯಾಟ್ ನೀಡುತ್ತದೆ. ತ್ರೀ ಫೇಸ್ ಸಂಪರ್ಕದಲ್ಲಿ 16 ಆಂಪಿಯರ್‌ಗೆ 11 ಕಿಲೋವ್ಯಾಟ್, 32 ಆಂಪಿಯರ್‌ಗೆ 22 ಕಿಲೋವ್ಯಾಟ್ ದೊರೆಯುತ್ತದೆ. 100 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಪೂರ್ತಿ ಖಾಲಿಯಿಂದ ತುಂಬಿಸಲು ಮೊದಲನೆಯದಕ್ಕೆ 35 ಗಂಟೆಗಳಿಗೂ ಹೆಚ್ಚು, ಎರಡನೆಯದಕ್ಕೆ ಸುಮಾರು 15 ಗಂಟೆ, ಮೂರನೆಯದಕ್ಕೆ 10 ಗಂಟೆ, ನಾಲ್ಕನೆಯದಕ್ಕೆ 5 ಗಂಟೆ ಬೇಕಾಗುತ್ತದೆ.

ಈ ಅಂಕಿಗಳನ್ನು ಕೇಳಿದೊಡನೆ 22 ಕಿಲೋವ್ಯಾಟ್ ಚಾರ್ಜರೇ ಬೇಕೆಂದು ಅನ್ನಿಸುವುದು ಸಹಜ. ಆದರೆ ಪ್ರತಿ ರಾತ್ರಿ ಬ್ಯಾಟರಿಯನ್ನು ಖಾಲಿಯಿಂದ ತುಂಬಿಸುವ ಪ್ರಸಂಗ ಬರುವುದಿಲ್ಲ. ಮೇಲಿನ ಉದಾಹರಣೆಯ ಉದ್ಯಮಿಗೆ ಬೇಕಾದ 14 ಯೂನಿಟ್‌ಗಳನ್ನು 7.4 ಕಿಲೋವ್ಯಾಟ್ ಚಾರ್ಜರ್ ಎರಡು ಗಂಟೆಗಳಲ್ಲಿ ಒದಗಿಸುತ್ತದೆ. ಸಾಮಾನ್ಯ ಸಾಕೆಟ್ ಕೂಡ ಐದು ಗಂಟೆಗಳೊಳಗೆ ಒದಗಿಸುತ್ತದೆ. ಹುಬ್ಬಳ್ಳಿಯಿಂದ ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಮಂಗಳೂರಿಗೆ ಹೊರಡುವಂತಹ ದಿನಗಳು ಪದೇ ಪದೇ ಬರುವವರಿಗೆ ಮಾತ್ರ 11 ಕಿಲೋವ್ಯಾಟ್ ಅಗತ್ಯವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿ ಇದೆ. ಗೋಡೆಗೆ ಅಳವಡಿಸುವ ಪೆಟ್ಟಿಗೆಯು ಕೇವಲ ವಿದ್ಯುತ್ತನ್ನು ಸುರಕ್ಷಿತವಾಗಿ ಹಾಯಿಸುವ ಸಾಧನ. ಪರ್ಯಾಯ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ನೇರ ವಿದ್ಯುತ್ತಾಗಿ ಪರಿವರ್ತಿಸುವ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಕಾರಿನೊಳಗಿನ ಚಾರ್ಜರ್ 11 ಕಿಲೋವ್ಯಾಟ್‌ನದಾಗಿದ್ದರೆ ಗೋಡೆಯಲ್ಲಿ 22 ಕಿಲೋವ್ಯಾಟ್‌ನ ಪೆಟ್ಟಿಗೆ ಹಾಕಿಸಿದರೂ ದೊರೆಯುವುದು 11 ಮಾತ್ರ. ಅಲ್ಲದೆ ತ್ರೀ ಫೇಸ್‌ಗಾಗಿ ರೂಪಿಸಿದ ಕೆಲವು ಕಾರುಗಳು ಸಿಂಗಲ್ ಫೇಸ್ ಸಂಪರ್ಕದಲ್ಲಿ 16 ಆಂಪಿಯರ್‌ಗಿಂತ ಹೆಚ್ಚು ಸ್ವೀಕರಿಸುವುದಿಲ್ಲ; ಅಂತಹ ಕಾರಿಗೆ 7.4 ಕಿಲೋವ್ಯಾಟ್ ಚಾರ್ಜರಿನಿಂದಲೂ ಸಿಗುವುದು 3.7 ಕಿಲೋವ್ಯಾಟ್ ಅಷ್ಟೇ. ಆದುದರಿಂದ ಕಾರಿನೊಳಗಿನ ಚಾರ್ಜರ್ ಸಿಂಗಲ್ ಫೇಸ್‌ನಲ್ಲಿ ಎಷ್ಟು, ತ್ರೀ ಫೇಸ್‌ನಲ್ಲಿ ಎಷ್ಟು ಸ್ವೀಕರಿಸುತ್ತದೆ ಎಂಬುದನ್ನು ಡೀಲರ್‌ನಿಂದ ಲಿಖಿತವಾಗಿ ಪಡೆಯುವುದು ಮೊದಲ ಹೆಜ್ಜೆಯಾಗಬೇಕು.

ಮನೆಯ ಸಂಪರ್ಕ ಮತ್ತು ಸುರಕ್ಷತೆ

ವಿದ್ಯುತ್ ವಾಹನದ ಚಾರ್ಜಿಂಗ್ ಒಂದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿಯೇ ಸ್ಪಷ್ಟಪಡಿಸಿತು. ಮಾಲೀಕರು ತಮ್ಮ ಮನೆ ಅಥವಾ ಕಚೇರಿಯ ಈಗಿರುವ ಸಂಪರ್ಕದಿಂದಲೇ ವಾಹನವನ್ನು ಚಾರ್ಜ್ ಮಾಡಿಕೊಳ್ಳಬಹುದು ಎಂದು ಅದೇ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿ ತಿಳಿಸಿತು. ಹೀಗಾಗಿ ಪ್ರತ್ಯೇಕ ಮೀಟರ್ ಕಡ್ಡಾಯವೆಂಬ ಭಾವನೆಗೆ ಆಧಾರವಿಲ್ಲ. ಆದರೆ ಮಂಜೂರಾದ ಲೋಡ್ ಪ್ರಶ್ನೆ ಉಳಿದೇ ಇರುತ್ತದೆ. 5 ಕಿಲೋವ್ಯಾಟ್ ಮಂಜೂರಾತಿ ಇರುವ ಮನೆಯಲ್ಲಿ 7.4 ಕಿಲೋವ್ಯಾಟ್ ಚಾರ್ಜರ್ ಅಳವಡಿಸಬೇಕಾದರೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಮುಂತಾದ ಆಯಾ ಕಂಪನಿಯಲ್ಲಿ ಲೋಡ್ ಹೆಚ್ಚಳಕ್ಕೆ ಅರ್ಜಿ ಸಲ್ಲಿಸಬೇಕು. ಲೋಡ್ ಹೆಚ್ಚಿದಂತೆ ಪ್ರತಿ ತಿಂಗಳ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ಮನೆಯ ಒಟ್ಟು ಬಳಕೆಯನ್ನು ಅಳೆದು, ಗೀಸರ್ ಮತ್ತು ಹವಾನಿಯಂತ್ರಕ ಚಾಲನೆಯಲ್ಲಿರುವಾಗ ಕಾರಿಗೆ ಹರಿಯುವ ವಿದ್ಯುತ್ತನ್ನು ತಾನಾಗಿಯೇ ಕಡಿಮೆ ಮಾಡುವ ಚಾರ್ಜರ್‌ಗಳೂ ದೊರೆಯುತ್ತವೆ. ಅನೇಕ ಮನೆಗಳಿಗೆ ಇಂತಹ ಚಾರ್ಜರಿನ ಹೆಚ್ಚುವರಿ ಬೆಲೆಯು ದೊಡ್ಡ ಪ್ರಮಾಣದ ಲೋಡ್ ಹೆಚ್ಚಳಕ್ಕಿಂತ ಲಾಭದಾಯಕ.

ಸುರಕ್ಷತೆಯ ವಿಷಯದಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ನಿಯಮಗಳು ಸ್ಪಷ್ಟವಾಗಿವೆ. ಪ್ರತಿ ಚಾರ್ಜಿಂಗ್ ಬಿಂದುವಿಗೆ ಮುಖ್ಯ ಫಲಕದಿಂದ ಪ್ರತ್ಯೇಕ ಸರ್ಕ್ಯೂಟ್ ಇರಬೇಕು. 30 ಮಿಲಿಆಂಪಿಯರ್‌ಗೆ ಮೀರದ ಸೋರಿಕೆಯಲ್ಲಿ ಸಂಪರ್ಕ ಕಡಿಯುವ ಸಾಧನ ಇರಬೇಕು. ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿರಬೇಕು, ಎಕ್ಸ್‌ಟೆನ್ಶನ್ ವೈರ್ ಬಳಸಕೂಡದು. ಒಂದೂವರೆ ಕೋಟಿಯ ಕಾರಿಗೆ ಅಡುಗೆಮನೆಯ ಕಿಟಕಿಯಿಂದ ಎಕ್ಸ್‌ಟೆನ್ಶನ್ ಎಳೆದು ಚಾರ್ಜ್ ಮಾಡುವ ದೃಶ್ಯ ಅಪರೂಪವೇನಲ್ಲ. ಮೊಬೈಲ್ ಚಾರ್ಜಿಂಗ್‌ನಂತೆ ಇದು ಅರ್ಧ ಗಂಟೆಯ ಕೆಲಸವಲ್ಲ. ಗಂಟೆಗಟ್ಟಲೆ ಪೂರ್ಣ ಪ್ರಮಾಣದ ವಿದ್ಯುತ್ ಹರಿಯುವುದರಿಂದ ಸಡಿಲವಾದ ಒಂದು ಜೋಡಣೆಯೂ ಕಾದು ಕರಗುತ್ತದೆ.

ಅರ್ಥಿಂಗ್ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗಿರುತ್ತದೆ. ನ್ಯೂಟ್ರಲ್ ತಂತಿಗೂ ಅರ್ಥಿಂಗ್‌ಗೂ ನಡುವೆ ವೋಲ್ಟೇಜ್ ಕಾಣಿಸಿಕೊಂಡರೆ ಅನೇಕ ಐಷಾರಾಮಿ ಕಾರುಗಳು ಚಾರ್ಜ್ ಆಗಲು ನಿರಾಕರಿಸುತ್ತವೆ. ಗ್ರಾಹಕರು ಕಾರನ್ನು ದೂಷಿಸಿ ಸೇವಾಕೇಂದ್ರಕ್ಕೆ ಒಯ್ಯುತ್ತಾರೆ. ದೋಷವಾದರೋ ಮನೆಯ ಅಂಗಳದಲ್ಲಿರುತ್ತದೆ. ಮುಂಗಡ ಕೊಡುವ ಮೊದಲೇ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿಕೊಂಡರೆ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುವ ಕೆಲಸ ಇದು.

ಅಪಾರ್ಟ್‌ಮೆಂಟ್ ನಿವಾಸಿಗಳ ಕಷ್ಟ ಬೇರೆ ಬಗೆಯದು. ಹೊಸ ಕಟ್ಟಡಗಳ ವಾಹನ ನಿಲುಗಡೆಯಲ್ಲಿ ಶೇ. 20ರಷ್ಟಕ್ಕೆ ಚಾರ್ಜಿಂಗ್ ಅನುಕೂಲ ಕಲ್ಪಿಸಬೇಕೆಂದು ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಿಗೆ 2019ರಲ್ಲಿ ತಿದ್ದುಪಡಿ ತರಲಾಯಿತು. ಹಳೆಯ ಕಟ್ಟಡಗಳಲ್ಲಿ ಮಾತ್ರ ಎಲ್ಲವೂ ನಿವಾಸಿಗಳ ಸಂಘದ ನಿರ್ಧಾರವನ್ನು ಅವಲಂಬಿಸಿದೆ. ಸ್ವಂತ ಮೀಟರಿನಿಂದ ನಿಲುಗಡೆ ಸ್ಥಳದವರೆಗೆ ಕೇಬಲ್ ಎಳೆಯುವುದೋ, ಸಂಘದ ಸಾಮಾನ್ಯ ಮೀಟರಿನಿಂದ ಪಡೆದು ಉಪಮೀಟರ್ ಲೆಕ್ಕದಲ್ಲಿ ಹಣ ಕೊಡುವುದೋ ಎಂಬುದು ಮೊದಲೇ ತೀರ್ಮಾನವಾಗಬೇಕು. ಒಪ್ಪಿಗೆ ಪತ್ರ ಕೈಗೆ ಬಂದಿರಬೇಕು. ಕೇಬಲ್ ದೂರ ಹೆಚ್ಚಾದಷ್ಟೂ ದಪ್ಪ ತಂತಿ ಬೇಕಾಗುತ್ತದೆ, ಖರ್ಚು ಏರುತ್ತದೆ. ನೆಲಮಾಳಿಗೆಯ ನಿಲುಗಡೆಯಾದರೆ ಮಳೆನೀರಿನ ವಿಚಾರವನ್ನೂ ನೋಡಬೇಕು. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಪ್ರತಿಷ್ಠಿತ ಬಡಾವಣೆಗಳಲ್ಲಿಯೇ ಬೆಲೆಬಾಳುವ ಕಾರುಗಳು ನೀರಿನಲ್ಲಿ ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ.

ಕಾರ್ಖಾನೆಯಲ್ಲಿ ಚಾರ್ಜಿಂಗ್

ಸಣ್ಣ ಕೈಗಾರಿಕೆಗಳ ಮಾಲೀಕರಿಗೆ ಒಂದು ಅನುಕೂಲವಿದೆ. ಕಾರು ಹಗಲಿನ ಎಂಟು ಗಂಟೆ ಕಾರ್ಖಾನೆಯ ಆವರಣದಲ್ಲಿಯೇ ನಿಂತಿರುತ್ತದೆ, ತ್ರೀ ಫೇಸ್ ಸಂಪರ್ಕವೂ ಸಿದ್ಧವಾಗಿರುತ್ತದೆ. ಆದರೆ ಇಲ್ಲಿಯೂ ಲೆಕ್ಕಾಚಾರ ಬೇಕು. ಎಚ್.ಟಿ. ಗ್ರಾಹಕರ ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆ ಪ್ರತ್ಯೇಕವಾಗಿ ದಾಖಲಾಗುತ್ತದೆ. ಯಂತ್ರಗಳು, ಕಂಪ್ರೆಸರ್, ಕುಲುಮೆ ಎಲ್ಲವೂ ಓಡುತ್ತಿರುವ ಬೆಳಿಗ್ಗೆ 11 ಗಂಟೆಗೆ 22 ಕಿಲೋವ್ಯಾಟ್ ಚಾರ್ಜರ್ ಸೇರಿಕೊಂಡರೆ ಒಪ್ಪಂದದ ಬೇಡಿಕೆ ಮೀರಿ, ಇಡೀ ತಿಂಗಳಿಗೆ ದಂಡದ ದರ ತೆರಬೇಕಾಗಬಹುದು. ಕಾರಿಗೆ ಬಳಸಿದ ಕೆಲವು ಯೂನಿಟ್‌ಗಳ ಬೆಲೆಗಿಂತ ದಂಡವೇ ದೊಡ್ಡದಾಗುವ ಸಂದರ್ಭ ಇದು. ಊಟದ ವಿರಾಮ ಅಥವಾ ಪಾಳಿ ಬದಲಾಗುವ ವೇಳೆಗೆ ಸಮಯ ಹೊಂದಿಸುವುದು ಇಲ್ಲವೇ ಚಾರ್ಜರನ್ನು 7.4 ಕಿಲೋವ್ಯಾಟ್‌ಗೆ ಮಿತಿಗೊಳಿಸುವುದು ಸರಳ ಪರಿಹಾರ. ಸಿಂಗಲ್ ಫೇಸ್ ಚಾರ್ಜರ್‌ಗಳು ಎರಡು ಮೂರು ಇದ್ದರೆ ಅವುಗಳನ್ನು ಬೇರೆ ಬೇರೆ ಫೇಸ್‌ಗಳಿಗೆ ಹಂಚತಕ್ಕದ್ದು. ಒಂದೇ ಫೇಸ್‌ಗೆ ಜೋಡಿಸಿದರೆ ಸಮತೋಲನ ತಪ್ಪುತ್ತದೆ.

ಚಾವಣಿಯ ಮೇಲೆ ಸೌರಫಲಕ ಅಳವಡಿಸಿರುವ ಕಾರ್ಖಾನೆಗಳಿಗೆ ಹಗಲಿನ ಚಾರ್ಜಿಂಗ್ ಹೆಚ್ಚು ಹೊಂದುತ್ತದೆ. 10 ಕಿಲೋವ್ಯಾಟ್ ಸೌರ ಘಟಕವು ಬಿಸಿಲಿರುವ ದಿನ ಸುಮಾರು 40 ಯೂನಿಟ್ ಉತ್ಪಾದಿಸುತ್ತದೆ. ಮೇಲೆ ಹೇಳಿದ 60 ಕಿ.ಮೀ. ಓಡಾಟಕ್ಕೆ ಅದರ ಮೂರನೇ ಒಂದು ಭಾಗ ಸಾಕು. ವಾರದ ರಜೆಯ ದಿನ ವ್ಯರ್ಥವಾಗುವ ಉತ್ಪಾದನೆಯನ್ನೂ ಕಾರಿಗೆ ತುಂಬಿಕೊಳ್ಳಬಹುದು. ಆದರೆ ಹೊರಗಿನವರ ವಾಹನಗಳಿಗೆ ಹಣ ಪಡೆದು ಚಾರ್ಜ್ ಮಾಡುವ ಉದ್ದೇಶವಿದ್ದರೆ ವಿದ್ಯುತ್ ವಾಹನ ಚಾರ್ಜಿಂಗ್‌ಗೆ ಇರುವ ಪ್ರತ್ಯೇಕ ದರ ವರ್ಗದಲ್ಲಿ ಬೇರೆ ಸಂಪರ್ಕವನ್ನೇ ಪಡೆಯುವುದು ಕ್ಷೇಮ.

ದೂರ ಪ್ರಯಾಣ ಮತ್ತು ವೇಗದ ಚಾರ್ಜಿಂಗ್

ವ್ಯಾಪಾರದ ನಿಮಿತ್ತ ರಾಜ್ಯವಿಡೀ ಸುತ್ತುವವರಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ಅನಿವಾರ್ಯ. 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ಕರ್ನಾಟಕವು ಕೇಂದ್ರಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿದ್ದು, 2025ರ ವೇಳೆಗೆ ಈ ಸಂಖ್ಯೆ 5,000 ದಾಟಿತ್ತು. ಆದರೆ ಹೆಚ್ಚಿನವು ಬೆಂಗಳೂರು ಮತ್ತು ಸುತ್ತಮುತ್ತ ಕೇಂದ್ರೀಕೃತವಾಗಿವೆ. ಅವುಗಳಲ್ಲಿ ನಿಧಾನಗತಿಯ ಚಾರ್ಜರ್‌ಗಳೂ ಸೇರಿವೆ.

ವೇಗದ ಚಾರ್ಜಿಂಗ್‌ನಲ್ಲಿ ಕಾರಿನ ಗರಿಷ್ಠ ಸಾಮರ್ಥ್ಯವನ್ನು ನೋಡಿ ಮರುಳಾಗಬಾರದು. ಪೋರ್ಷೆ ಟೈಕಾನ್ ಕಾರಿನ 2024ರ ಪರಿಷ್ಕೃತ ಮಾದರಿ ಗರಿಷ್ಠ 320 ಕಿಲೋವ್ಯಾಟ್ ಸ್ವೀಕರಿಸಬಲ್ಲದು. ಸಮರ್ಥ ಕೇಂದ್ರದಲ್ಲಿ ಶೇ. 10ರಿಂದ 80ರವರೆಗೆ ತುಂಬಲು 18 ನಿಮಿಷ ಸಾಕೆಂದು ತಯಾರಕರು ಹೇಳುತ್ತಾರೆ. ಇಕ್ಯೂಎಸ್ 580ರ ಮಿತಿ 200 ಕಿಲೋವ್ಯಾಟ್, ಅದಕ್ಕೆ ಸುಮಾರು ಅರ್ಧ ಗಂಟೆ. ಆದರೆ ಹೆದ್ದಾರಿಯಲ್ಲಿ ಸಿಗುವುದು 60 ಕಿಲೋವ್ಯಾಟ್ ಕೇಂದ್ರವಾದರೆ ಇವೆರಡರ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಎರಡೂ ಕಾರುಗಳು ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿಯೇ ನಿಲ್ಲಬೇಕು. ಒಂದೇ ಚಾರ್ಜರಿನ ಎರಡು ಕೊಳವೆಗಳಿಗೆ ಎರಡು ಕಾರುಗಳು ಜೋಡಣೆಯಾದರೆ ಶಕ್ತಿ ಹಂಚಿಹೋಗಿ ಸಮಯ ಇನ್ನೂ ಹೆಚ್ಚುತ್ತದೆ. ಬೆಲೆಗೂ ಚಾರ್ಜಿಂಗ್ ವೇಗಕ್ಕೂ ನೇರ ಸಂಬಂಧವಿಲ್ಲ ಎಂಬುದೂ ಗಮನಾರ್ಹ. 2023ರಲ್ಲಿ 44.95 ಲಕ್ಷ ರೂ. ಬೆಲೆಗೆ ಬಿಡುಗಡೆಯಾದ ಹ್ಯುಂಡೈ ಅಯೋನಿಕ್ 5, ಟೈಕಾನ್‌ನಂತೆಯೇ 800 ವೋಲ್ಟ್ ವ್ಯವಸ್ಥೆಯನ್ನು ಹೊಂದಿತ್ತು.

800 ವೋಲ್ಟ್ ಕಾರುಗಳನ್ನು ಕೊಳ್ಳುವವರು ಕೇಳಬೇಕಾದ ಒಂದು ಪ್ರಶ್ನೆಯಿದೆ: 500 ವೋಲ್ಟ್‌ವರೆಗೆ ಮಾತ್ರ ನೀಡುವ ಹಳೆಯ ಕೇಂದ್ರಗಳಲ್ಲಿ ಕಾರು ಎಷ್ಟು ಕಿಲೋವ್ಯಾಟ್ ಸ್ವೀಕರಿಸುತ್ತದೆ? ಮೊದಲ ತಲೆಮಾರಿನ ಟೈಕಾನ್‌ನಲ್ಲಿ ಇಂತಹ ಕೇಂದ್ರಗಳಿಗಾಗಿ 50 ಕಿಲೋವ್ಯಾಟ್ ಪರಿವರ್ತಕ ಸಾಮಾನ್ಯವಾಗಿಯೂ 150 ಕಿಲೋವ್ಯಾಟ್‌ನದು ಹೆಚ್ಚುವರಿ ಬೆಲೆಗೂ ದೊರೆಯುತ್ತಿತ್ತು. ಕಣ್ಣಿಗೆ ಕಾಣದ ಇಂತಹ ಭಾಗವು ಹೊಳೆಯುವ ಚಕ್ರಗಳಿಗಿಂತ ಹೆಚ್ಚು ಉಪಯುಕ್ತ.

ಪ್ರಮಾಣಪತ್ರದಲ್ಲಿ ಕಾಣುವ ದೂರವನ್ನೂ ಯಥಾವತ್ತಾಗಿ ನಂಬಬಾರದು. ಇಕ್ಯೂಎಸ್ 580ಕ್ಕೆ ದೇಶೀಯ ಪರೀಕ್ಷೆಯಲ್ಲಿ ದೊರೆತ ಅಂಕಿ 857 ಕಿ.ಮೀ. ಯೂರೋಪಿನ ಪರೀಕ್ಷಾ ವಿಧಾನದಲ್ಲಿ ಇದೇ ಕಾರಿನ ಅಂಕಿ ಸಾಕಷ್ಟು ಕಡಿಮೆ. ಹೆದ್ದಾರಿಯ ವೇಗದಲ್ಲಿ ಹವಾನಿಯಂತ್ರಕ ಬಳಸಿ ಹೋಗುವಾಗ ಅದೂ ಇಳಿಯುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ., ಮಂಗಳೂರಿಗೆ ಸುಮಾರು 350 ಕಿ.ಮೀ. ದೊಡ್ಡ ಬ್ಯಾಟರಿಯ ಕಾರು ಇವೆರಡನ್ನೂ ಒಂದೇ ಚಾರ್ಜಿನಲ್ಲಿ ಮುಟ್ಟಬಹುದು. ತಿರುಗಿ ಬರುವ ಪ್ರಶ್ನೆ ಮುಖ್ಯ. ಮಂಗಳೂರಿಗೆ ಇಳಿಯುವಾಗ ಶಿರಾಡಿ ಘಾಟಿಯಲ್ಲಿ ಬ್ರೇಕಿನಿಂದ ಒಂದಿಷ್ಟು ಶಕ್ತಿ ಬ್ಯಾಟರಿಗೆ ಮರಳುತ್ತದೆ, ಹತ್ತುವಾಗ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಆದ್ದರಿಂದ ಗಮ್ಯಸ್ಥಾನದಲ್ಲಿ ತಂಗುವ ಹೋಟೆಲಿನಲ್ಲಿಯೋ ಶಾಖಾ ಕಚೇರಿಯಲ್ಲಿಯೋ ರಾತ್ರಿ ಚಾರ್ಜಿಂಗ್ ವ್ಯವಸ್ಥೆ ಇರುವುದು ಇನ್ನೊಂದಿಷ್ಟು ದೊಡ್ಡ ಬ್ಯಾಟರಿಗಿಂತ ಪ್ರಯೋಜನಕಾರಿ. ಶಾಖಾ ಕಚೇರಿ ಇರುವವರು ಅಲ್ಲಿಯೂ ಒಂದು 7.4 ಕಿಲೋವ್ಯಾಟ್ ಚಾರ್ಜರ್ ಅಳವಡಿಸಿದರೆ ದಾರಿಯ ಚಿಂತೆ ಬಹುಪಾಲು ನಿವಾರಣೆಯಾಗುತ್ತದೆ.

ಐಚ್ಛಿಕ ಸೌಲಭ್ಯಗಳ ಆಯ್ಕೆ

ಐಚ್ಛಿಕ ಸೌಲಭ್ಯಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಂಡರೆ ತೀರ್ಮಾನ ಸುಲಭವಾಗುತ್ತದೆ.

ಮೊದಲ ಗುಂಪು, ಕಾರ್ಖಾನೆಯಲ್ಲಿಯೇ ಆಗಬೇಕಾದವು. ದೊಡ್ಡ ಬ್ಯಾಟರಿ, ಕಾರಿನೊಳಗಿನ ಹೆಚ್ಚು ಸಾಮರ್ಥ್ಯದ ಚಾರ್ಜರ್, ಗಾಳಿ ತುಂಬಿದ ಸಸ್ಪೆನ್ಶನ್, ಹಿಂಬದಿ ಚಕ್ರಗಳೂ ತಿರುಗುವ ವ್ಯವಸ್ಥೆ, ಗಾಳಿಯಾಡುವ ಆಸನಗಳು ಇವು ಬಹುತೇಕ ನಂತರ ಸೇರಿಸಲಾಗದವು. ವಿದ್ಯುತ್ ಕಾರುಗಳ ಬ್ಯಾಟರಿ ತಳಭಾಗದಲ್ಲಿರುತ್ತದೆ. ನಮ್ಮ ರಸ್ತೆ ಉಬ್ಬುಗಳ ಮೇಲೆ ಕಾರನ್ನು ಕೆಲವು ಸೆಂಟಿಮೀಟರ್ ಮೇಲೆತ್ತುವ ಗಾಳಿ ಸಸ್ಪೆನ್ಶನ್ ಇಲ್ಲಿ ವಿಲಾಸವಲ್ಲ, ರಕ್ಷಣೆ. ಹೆಚ್ಚಿನ ಹಣ ಹಾಕುವುದಾದರೆ ಈ ಗುಂಪಿಗೆ ಹಾಕಬೇಕು.

ಎರಡನೆಯ ಗುಂಪು, ಚಳಿದೇಶಗಳಿಗಾಗಿ ರೂಪಿಸಿದವು. ಶಾಖ ಪಂಪ್, ಬಿಸಿಯಾಗುವ ಸ್ಟೀರಿಂಗ್, ಬಿಸಿಯಾಗುವ ಮುಂಗಾಜು ಮುಂತಾದವು ಯೂರೋಪಿನ ಚಳಿಗಾಲದಲ್ಲಿ ಬೆಲೆಗೆ ತಕ್ಕ ಫಲ ನೀಡುತ್ತವೆ. ಬಳ್ಳಾರಿ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಓಡುವ ಕಾರಿಗೆ ಬೇಕಾದದ್ದು ಶಾಖ ತಡೆಯುವ ಗಾಜು ಮತ್ತು ಚಾವಣಿಯ ಗಾಜಿಗೆ ಪರದೆ. ಇಂತಹವು ಪ್ಯಾಕೇಜಿನಲ್ಲಿ ಸೇರಿ ಬಂದರೆ ಚಿಂತೆಯಿಲ್ಲ, ಪ್ರತ್ಯೇಕ ಹಣ ಕೊಟ್ಟು ಪಡೆಯಬೇಕಿಲ್ಲ.

ಮೂರನೆಯ ಗುಂಪು, ನೋಟಕ್ಕಾಗಿ ಇರುವವು. ಇವುಗಳಲ್ಲಿ ದೊಡ್ಡ ಚಕ್ರಗಳ ವಿಷಯದಲ್ಲಿ ಎಚ್ಚರ ಅಗತ್ಯ. 19 ಅಂಗುಲದ ಬದಲು 21 ಅಂಗುಲದ ಚಕ್ರ ಆಯ್ದರೆ ಒಂದು ಚಾರ್ಜಿಗೆ ಓಡುವ ದೂರ ತಗ್ಗುತ್ತದೆ. ಟಯರಿನ ಬದಿ ಕಿರಿದಾಗಿ ಗುಂಡಿಗಳಲ್ಲಿ ಒಡೆಯುವ ಅಪಾಯ ಹೆಚ್ಚುತ್ತದೆ. ಅನೇಕ ವಿದ್ಯುತ್ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಆ ಅಳತೆಯ ಟಯರ್ ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು. ಮರುಮಾರಾಟದ ವೇಳೆ ವಿಶೇಷ ಬಣ್ಣ, ಹೊಲಿಗೆ, ಅಲಂಕಾರಕ್ಕೆ ತೆತ್ತ ಹಣ ಅಪರೂಪಕ್ಕೆ ಮಾತ್ರ ಮರಳುತ್ತದೆ.

ತೆರಿಗೆಯ ಲೆಕ್ಕ

ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿಸಲಾಯಿತು. ಚಾರ್ಜರ್‌ಗಳಿಗೂ ಅದೇ ದರ ನಿಗದಿಯಾಯಿತು. 2025ರ ಸೆಪ್ಟೆಂಬರ್ 22ರ ಪರಿಷ್ಕರಣೆಯಲ್ಲಿ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40 ದರ ಬಂದಾಗಲೂ ವಿದ್ಯುತ್ ಕಾರುಗಳ ದರ ಶೇ. 5ರಲ್ಲಿಯೇ ಉಳಿಯಿತು. ರಾಜ್ಯದಲ್ಲಿ 2024ರ ತಿದ್ದುಪಡಿಯಂತೆ 25 ಲಕ್ಷ ರೂ. ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10 ಜೀವಾವಧಿ ತೆರಿಗೆ ಅನ್ವಯಿಸಿತು. ಕಾರ್ಖಾನೆಯಲ್ಲಿ ಅಳವಡಿಸಿದ ಸೌಲಭ್ಯಗಳ ಬೆಲೆಯೂ ಕಾರಿನ ಬೆಲೆಗೆ ಸೇರುವುದರಿಂದ, 8 ಲಕ್ಷ ರೂ. ಸೌಲಭ್ಯ ಆಯ್ದವರು ಜೀವಾವಧಿ ತೆರಿಗೆಯಾಗಿ ಇನ್ನೂ 80,000 ರೂ. ತೆರುತ್ತಾರೆ, ವಿಮೆಯ ಕಂತೂ ಏರುತ್ತದೆ. 10 ಲಕ್ಷ ಮೀರಿದ ಕಾರಿನ ಮೇಲೆ ಡೀಲರ್ ಸಂಗ್ರಹಿಸುವ ಶೇ. 1 ಆದಾಯ ತೆರಿಗೆಯನ್ನು ವಿವರಪಟ್ಟಿಯಲ್ಲಿ ಜಮೆಯಾಗಿ ಪಡೆಯಬಹುದು. ಅದನ್ನು ಖರ್ಚೆಂದು ಬರೆದು ಮರೆಯಬಾರದು.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಜಿಎಸ್‌ಟಿ ಹೂಡುವಳಿ ಜಮೆ ಸಿಗುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಚಾಲಕನೂ ಸೇರಿ 13 ಜನರವರೆಗಿನ ಆಸನವುಳ್ಳ ವಾಹನಗಳಿಗೆ ಕಾಯ್ದೆಯ 17(5)ನೇ ಕಲಮು ಜಮೆಯನ್ನು ನಿರ್ಬಂಧಿಸಿದೆ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ಇವುಗಳಿಗೆ ಮಾತ್ರ ವಿನಾಯಿತಿ. ಆದಾಯ ತೆರಿಗೆಯಲ್ಲಿ 1962ರ ನಿಯಮಗಳು ಸಾಮಾನ್ಯ ಕಾರುಗಳಿಗೆ ಶೇ. 15, ವಿದ್ಯುತ್ ವಾಹನಗಳಿಗೆ ಶೇ. 40 ಸವಕಳಿ ನೀಡಿದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಖರೀದಿಯ ವರ್ಷದ ದರವನ್ನು ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳುವುದು ಅವಶ್ಯ.

ಹೆಚ್ಚಿನ ಸವಕಳಿಗೆ ಇನ್ನೊಂದು ಮುಖವೂ ಇದೆ. ನೋಂದಾಯಿತ ವರ್ತಕರು ಬಳಸಿದ ಕಾರನ್ನು ಮಾರುವಾಗ ಮಾರಾಟ ಬೆಲೆಗೂ ಸವಕಳಿ ಕಳೆದು ಉಳಿದ ಬೆಲೆಗೂ ಇರುವ ಅಂತರದ ಮೇಲೆ ಶೇ. 18 ಜಿಎಸ್‌ಟಿ ಸಲ್ಲಬೇಕು. 2025ರ ಜನವರಿಯಿಂದ ವಿದ್ಯುತ್ ಕಾರುಗಳಿಗೂ ಇದು ವಿಸ್ತರಿಸಿತು. 1.5 ಕೋಟಿ ರೂ. ಕಾರಿಗೆ ಮೂರು ಪೂರ್ಣ ವರ್ಷ ಶೇ. 40ರಂತೆ ಸವಕಳಿ ತೆಗೆದರೆ ಪುಸ್ತಕದಲ್ಲಿ ಉಳಿಯುವುದು 32.4 ಲಕ್ಷ. ಅದನ್ನು 75 ಲಕ್ಷಕ್ಕೆ ಮಾರಿದರೆ 42.6 ಲಕ್ಷ ರೂ. ಅಂತರದ ಮೇಲೆ ತೆರಿಗೆ 7.6 ಲಕ್ಷಕ್ಕೂ ಹೆಚ್ಚು. ಮೊದಲ ವರ್ಷದ ಉಳಿತಾಯವನ್ನು ಮಾತ್ರ ನೋಡಿದವರಿಗೆ ಇದು ಅನಿರೀಕ್ಷಿತ ಹೊರೆ.

ಇಂಧನದ ಉಳಿತಾಯವನ್ನೂ ಅಳತೆ ಮೀರಿ ಎಣಿಸಬಾರದು. ವರ್ಷಕ್ಕೆ 18,000 ಕಿ.ಮೀ. ಓಡಿಸಿದರೆ ನಷ್ಟವೂ ಸೇರಿ ಸುಮಾರು 4,000 ಯೂನಿಟ್ ಬೇಕು. ಮನೆಯಲ್ಲಿ ಯೂನಿಟ್‌ಗೆ 8 ರೂ. ಎಂದು ಹಿಡಿದರೆ ಖರ್ಚು 32,000 ರೂ. ಸಾರ್ವಜನಿಕ ಕೇಂದ್ರದಲ್ಲಿ 20 ರೂ. ಮತ್ತು ಶೇ. 18 ಜಿಎಸ್‌ಟಿ ಎಂದು ಹಿಡಿದು, ಅಲ್ಲಿ 3,700 ಯೂನಿಟ್ ತುಂಬಿಸಿದರೆ ಸುಮಾರು 87,000 ರೂ. ಲೀಟರಿಗೆ 9 ಕಿ.ಮೀ. ನೀಡುವ ಪೆಟ್ರೋಲ್ ಕಾರಿಗೆ ಲೀಟರಿಗೆ 100 ರೂ.ಗಳಂತೆ 2 ಲಕ್ಷ ಬೇಕು. ಮನೆಯ ಚಾರ್ಜಿಂಗ್ ಇದ್ದವರಿಗೆ ವರ್ಷಕ್ಕೆ 1.68 ಲಕ್ಷ, ಇಲ್ಲದವರಿಗೆ 1.13 ಲಕ್ಷ ಉಳಿತಾಯ. ಮನೆಯ ಚಾರ್ಜಿಂಗ್ ವ್ಯವಸ್ಥೆಯೊಂದರಿಂದಲೇ ವರ್ಷಕ್ಕೆ 55,000 ರೂ. ವ್ಯತ್ಯಾಸ ಬರುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಮುಂಗಡ ಕೊಡುವ ಮೊದಲು

ಮಳಿಗೆಯ ಬಾಯಿಮಾತಿನ ಭರವಸೆಗಳನ್ನು ಆದೇಶಪತ್ರದಲ್ಲಿ ಬರೆಸಿಕೊಳ್ಳುವುದು ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಈ ಖರೀದಿಯಲ್ಲಿ ಕೆಳಗಿನ ಅಂಶಗಳು ಬರಹದಲ್ಲಿರುವುದು ಮೇಲು.

1. ಕಾರಿನೊಳಗಿನ ಚಾರ್ಜರಿನ ಸಾಮರ್ಥ್ಯ, ಸಿಂಗಲ್ ಮತ್ತು ತ್ರೀ ಫೇಸ್‌ಗಳಲ್ಲಿ ಬೇರೆ ಬೇರೆಯಾಗಿ.

2. ಉಚಿತವೆಂದು ಹೇಳುವ ಗೋಡೆ ಚಾರ್ಜರ್‌ನೊಂದಿಗೆ ಎಷ್ಟು ಮೀಟರ್ ಕೇಬಲ್, ಅರ್ಥಿಂಗ್, ಸುರಕ್ಷಾ ಸ್ವಿಚ್ ಸೇರಿವೆ, ಲೋಡ್ ಹೆಚ್ಚಳದ ಶುಲ್ಕ ಯಾರದು ಎಂಬುದು.

3. ಸ್ಥಳ ಪರಿಶೀಲನೆ ಕಾರಿನ ಆದೇಶಕ್ಕೆ ಮೊದಲೇ ನಡೆಯುವುದು. ಚಾರ್ಜರ್ ಅಳವಡಿಸಲಾಗದಿದ್ದರೆ ಮುಂಗಡ ಮರಳಿಸುವ ಷರತ್ತು.

4. ಬ್ಯಾಟರಿಯ ಖಾತರಿ ಎಷ್ಟು ವರ್ಷ, ಎಷ್ಟು ಕಿ.ಮೀ. ಮತ್ತು ಸಾಮರ್ಥ್ಯ ಶೇ. ಎಷ್ಟಕ್ಕೆ ಇಳಿದರೆ ಬದಲಾಯಿಸುತ್ತಾರೆ ಎಂಬುದು. ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುತ್ತಾರೆ, ಇಕ್ಯೂಎಸ್‌ಗೆ 10 ವರ್ಷ ಅಥವಾ 2.5 ಲಕ್ಷ ಕಿ.ಮೀ. ನೀಡಲಾಯಿತು.

5. ಗೋಡೆ ಚಾರ್ಜರಿನ ಖಾತರಿ ಯಾರದು, ಎಷ್ಟು ವರ್ಷ ಎಂಬುದು.

6. ವಿಮೆಯಲ್ಲಿ ನೀರು ನುಗ್ಗಿ ಬ್ಯಾಟರಿಗಾಗುವ ಹಾನಿ, ಚಾರ್ಜಿಂಗ್ ಕೇಬಲ್ ಮತ್ತು ಹೆಚ್ಚುವರಿ ಸೌಲಭ್ಯಗಳ ಬೆಲೆ ಸೇರಿದೆಯೇ ಎಂಬುದು.

7. ಪ್ರತಿ ಐಚ್ಛಿಕ ಸೌಲಭ್ಯದ ಬೆಲೆ ಪ್ರತ್ಯೇಕವಾಗಿ, ಮತ್ತು ಅದು ಕಾರ್ಖಾನೆಯದೋ ಡೀಲರ್ ಅಳವಡಿಸುವುದೋ ಎಂಬುದು.

ಯಂತ್ರವೊಂದನ್ನು ಕೊಳ್ಳುವಾಗ ಕೈಗಾರಿಕೋದ್ಯಮಿಗಳು ಮೊದಲು ಅಡಿಪಾಯ, ವಿದ್ಯುತ್ ಸಂಪರ್ಕ, ಯಂತ್ರದ ದಿನದ ಕೆಲಸದ ಹೊರೆ ಇವುಗಳನ್ನು ಲೆಕ್ಕ ಹಾಕುತ್ತಾರೆ. ಬಣ್ಣದ ಮಾತು ಕೊನೆಗೆ ಬರುತ್ತದೆ. ಕೋಟಿ ರೂಪಾಯಿಯ ವಿದ್ಯುತ್ ಕಾರಿಗೂ ಅದೇ ಪದ್ಧತಿಯನ್ನು ಅನುಸರಿಸಿದರೆ ಸಾಕು. ವಿದ್ಯುತ್ ಗುತ್ತಿಗೆದಾರರು ಬಂದು ಮೀಟರ್, ಅರ್ಥಿಂಗ್ ಮತ್ತು ನಿಲುಗಡೆಯ ಜಾಗವನ್ನು ನೋಡಿ ಹೋದ ಮೇಲೆ ಮಳಿಗೆಗೆ ಹೋದ ಗ್ರಾಹಕರು, ಯಾವ ಸೌಲಭ್ಯಕ್ಕೆ ಹಣ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅರಿತೇ ಮಾತಿಗೆ ಕುಳಿತುಕೊಳ್ಳುತ್ತಾರೆ.